ಅಂಗಡಿ ಅವ್ವನ ಬೇವಿನ ಮಣೆ

ಅಂಗಡಿ ಅವ್ವನ ಬಲಗೈ ತೋರುಬೆರಳು ತುದಿಯಿಂದ ಎರಡನೆಯ ಗೆಣ್ಣಿನ ತನಕ ಕಂದು ಬಣ್ಣಕ್ಕೆ ತಿರುಗಿತ್ತು. ನಲವತ್ತು ವರ್ಷ ಅಳಲೆಕಾಯಿ ಪುಡಿಯನ್ನು ಅದೇ ಬೆರಳಿನಿಂದ ಕಾಗದಕ್ಕೆ ಸರಿಸಿ ಪೊಟ್ಟಣ ಕಟ್ಟಿದ ಗುರುತು ಅದು. ಯಾವ ಸಾಬೂನಿಗೂ ಹೋಗುವಂಥದ್ದಲ್ಲ. ಗಿರಾಕಿ ಯಾರೇ ಬರಲಿ, ಆ ಬೆರಳು ಮೊದಲು ಅಂಗಡಿಯ ಕಟ್ಟೆಯ ಮೇಲಿದ್ದ ಬೇವಿನ ಮಣೆಯನ್ನು ತೋರಿಸುತ್ತಿತ್ತು. ‘ಕುಂದ್ರು’ ಎನ್ನುವುದು ಮೊದಲು, ಏನು ಬೇಕು ಎನ್ನುವುದು ಆಮೇಲೆ.

ಮಕ್ತಲ್‌ನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದೊಂದು ನಾಟಿ ಔಷಧಿಯ ಅಂಗಡಿ. ಅಜವಾನ, ಇಸಬ್‌ಗೋಲ್, ಒಣಶುಂಠಿ, ಬಾಣಂತಿ ಖಾರದ ಸಾಮಾನು, ಜೊತೆಗೆ ಪೂಜೆಯ ಕರ್ಪೂರ. ಇಷ್ಟೆಲ್ಲ ಇದ್ದರೂ ಸುತ್ತಿನ ಊರುಗಳಲ್ಲಿ ಆ ಅಂಗಡಿಗೆ ಹೆಸರು ಬಂದದ್ದು ಒಂದೇ ಕಾಯಿಲೆಯಿಂದ. ಅದರ ಹೆಸರನ್ನು ಹೇಳುವುದಕ್ಕೆ ಗಂಡಸರು ಎಷ್ಟು ಒದ್ದಾಡುತ್ತಿದ್ದರೆಂದರೆ, ಕೇಳುತ್ತ ನಿಂತವರಿಗೆ ನಗೆ ತಡೆಯುವುದು ಕಷ್ಟವಾಗುತ್ತಿತ್ತು. ‘ಕೆಳಗ ಸ್ವಲ್ಪ ಉಷ್ಣ ಆಗೈತಿ’ ಎನ್ನುವರು. ‘ಕುಂದ್ರೋ ಜಾಗದಾಗ ತ್ರಾಸ’ ಎನ್ನುವರು. ಒಬ್ಬರಂತೂ ‘ನಮ್ಮ ಎತ್ತಿಗೆ’ ಎಂದು ಔಷಧ ಕೇಳಿದ್ದರಂತೆ. ಸ್ವಲ್ಪ ಓದಿದವರು ‘ಪೈಲ್ಸ್’ ಎಂದು ಇಂಗ್ಲಿಷಿನ ಹಿಂದೆ ಅಡಗಿಕೊಳ್ಳುತ್ತಿದ್ದರು. ಅವಳು ಯಾವುದಕ್ಕೂ ಬಗ್ಗುವವಳಲ್ಲ.

‘ಅಕ್ಕಿ, ಬ್ಯಾಳಿ ಅಂತ ಹೆಂಗ ಹೇಳ್ತೀರಿ, ಹಂಗ ಹೇಳ್ರಿ. ಮೂಲವ್ಯಾಧಿ ಅನ್ರಿ, ಮೊಲಲು ಅನ್ರಿ, ಬವಾಸೀರ್ ಅನ್ರಿ. ಹೆಸರು ಬಾಯಾಗ ಬರ್ಲಿಲ್ಲಂದ್ರ ನನ್ನ ಕೈಯಾಗ ಔಷಧ ಬರಂಗಿಲ್ಲ’ ಎನ್ನುವಳು. ಕನ್ನಡದವರಿಗೆ ಕನ್ನಡ, ತೆಲುಗಿನವರಿಗೆ ತೆಲುಗು, ಸಾಬರಿಗೆ ಅವರ ಮಾತು. ಮೂರರಲ್ಲೂ ಅವಳ ದನಿ ಓಣಿಯ ಆ ತುದಿಗೆ ಕೇಳುವಷ್ಟೇ ಇರುತ್ತಿತ್ತು.

ನಾನು ನಾರಾಯಣಪೇಟೆಯ ನೇಕಾರ. ನಮ್ಮದು ಗುಂಡಿ ಮಗ್ಗ. ಕಾಲು ಗುಂಡಿಯೊಳಗೆ ಇಳಿಬಿಟ್ಟು ಹಲಗೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂರುವ ಕೆಲಸ. ಈ ಕಾಯಿಲೆ ನಮ್ಮ ಓಣಿಗೆ ಹೊಸತಲ್ಲ. ಯಾರ ಮಗ್ಗದ ಹಲಗೆಯ ಮೇಲೆ ಬಟ್ಟೆಯ ಸಿಂಬಿ ಕಂಡಿತೋ, ಹೆಂಗಸರು ನೀರಿನ ಕೊಡದ ಕೆಳಗೆ ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಅದೇ ಸಿಂಬಿ, ಅವರಿಗೆ ಶುರುವಾಗಿದೆ ಎಂದೇ ಲೆಕ್ಕ. ಮನೆಯ ಹೆಂಗಸರು ತಾವಾಗಿಯೇ ಅದನ್ನು ಸುತ್ತಿ ಹಲಗೆಯ ಮೇಲಿಟ್ಟು ಹೋಗುತ್ತಾರೆ. ಕೂತವರು ಏನೂ ಹೇಳುವುದಿಲ್ಲ, ಇಟ್ಟವರು ಏನೂ ಕೇಳುವುದಿಲ್ಲ. ಆ ಪದವನ್ನು ನಾವು ಬಳಸುತ್ತಿದ್ದುದು ಗೇಲಿಗೆ ಮಾತ್ರ. ಯಾವನಾದರೂ ಕೂತಲ್ಲಿ ಕೂರದೆ ಹೊರಳಾಡಿದರೆ ‘ಏನೋ, ಮೂಲವ್ಯಾಧಿ ಏನು?’ ಎಂದು ಇಡೀ ಮಗ್ಗದ ಮನೆ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಹಾಗೆ ನಕ್ಕವನಿಗೆ ಅದು ಬಂದಾಗ ಬಾಯಿ ಹೊಲಿದಂತಾಯಿತು. ಹೆಂಡತಿ ಒಂದು ಬೆಳಿಗ್ಗೆ ನನ್ನ ಹಲಗೆಯ ಮೇಲೂ ಸಿಂಬಿ ಇಟ್ಟಳು. ನಾನು ಅದನ್ನು ಎತ್ತಿ ಮೂಲೆಗೆ ಎಸೆದೆ. ಹದಿನೈದು ದಿನ ಹಲ್ಲು ಕಚ್ಚಿ ನೇಯ್ದೆ. ಕೊನೆಗೆ, ನಾರಾಯಣಪೇಟೆಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಸುದ್ದಿಯಾಗುತ್ತದೆಂದು, ರೇಷ್ಮೆ ನೂಲು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಮಕ್ತಲ್ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ದಾರಿಯುದ್ದಕ್ಕೂ ನಾನು ಕಂಬಿ ಹಿಡಿದು ನಿಂತೇ ಬಂದೆ. ಕಂಡಕ್ಟರ್ ಎರಡು ಸಲ ನನ್ನನ್ನೂ ಸೀಟನ್ನೂ ನೋಡಿದ.

ಅಂಗಡಿ ಮುಟ್ಟಿದ ಕೂಡಲೇ ಕಂದು ಬೆರಳು ಮಣೆಯ ಕಡೆ ಹೋಯಿತು.

‘ಕುಂದ್ರು ತಮ್ಮಾ.’

‘ಇರಲಿ ಅವ್ವಾ, ನಿಂತಿರ್ತೀನಿ.’

‘ಹಂಗಾರ ಮೂಲವ್ಯಾಧಿ’ ಎಂದಳು. ಪಕ್ಕದ ಬಳೆ ಅಂಗಡಿಯವನು ತಲೆ ಎತ್ತಿ ನೋಡಿದ. ನನಗೆ ಆ ಕಟ್ಟೆಯೇ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಅವಳು ಮಾತ್ರ ಏನೂ ಆಗದವಳಂತೆ, ‘ಎಷ್ಟು ದಿನಾತು? ರಕ್ತ ಹೋಗ್ತೈತೇನು? ಊಟ ಸೇರ್ತೈತೋ ಇಲ್ಲೋ? ಮೈ ಇಳಿದೈತೇನು?’ ಎಂದು ಒಂದೊಂದಾಗಿ ಕೇಳಿದಳು. ನಾನು ನೆಲ ನೋಡುತ್ತ ಉತ್ತರ ಕೊಟ್ಟೆ. ರಕ್ತ ಎಂದ ಕೂಡಲೇ ಅವಳು ಪುಡಿಯ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.

‘ರಕ್ತ ಇದ್ರ ನಾ ಕೊಡಂಗಿಲ್ಲ. ಸರ್ಕಾರಿ ದವಾಖಾನಿಗೆ ಹೋಗಿ ತೋರ್ಸಿ ಬಾ. ಬರೇ ಮೂಲವ್ಯಾಧಿ ಐತಿ ಅಂತ ಡಾಕ್ಟರ್ ಚೀಟಿ ಬರೆದು ಕೊಟ್ರ, ಆಮ್ಯಾಲೆ ನನ್ನ ಪುಡಿ.’

ನಾನು ಗೋಗರೆದೆ. ನಾರಾಯಣಪೇಟೆಯಿಂದ ನಿಂತುಕೊಂಡು ಬಂದಿದ್ದೇನೆ ಎಂದೆ. ‘ನಿಂತು ಬಂದಿ, ನಿಂತಽ ಹೋಗು’ ಎಂದಳು. ಆ ಹೊತ್ತಿಗೆ ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿದರೆ ನನ್ನ ಮಾವ.

ಅವರು ನನ್ನ ತಾಯಿಯ ಅಣ್ಣನೂ ಹೌದು, ನನ್ನ ಹೆಂಡತಿಯ ತಂದೆಯೂ ಹೌದು. ನನಗೆ ಲಾಳಿ ಹಿಡಿಯಲು ಕಲಿಸಿದವರು. ಅವರೂ ನಮ್ಮ ಓಣಿಯವರಿಗೆ ಗೊತ್ತಾಗಬಾರದೆಂದೇ ಅಷ್ಟು ದೂರ ಬಂದಿದ್ದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ನೂಲು ನೋಡಾಕ ಬಂದಿದ್ದೆ’ ಎಂದೆ ನಾನು. ‘ಅಜವಾನ ಬೇಕಾಗಿತ್ತು’ ಎಂದರು ಅವರು. ಅಜವಾನ ನಮ್ಮೂರಲ್ಲಿ ಪ್ರತಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ.

ಅಂಗಡಿ ಅವ್ವ ನಕ್ಕಳು. ‘ಈ ಅಣ್ಣ ನಮ್ಮ ಹಳೇ ಗಿರಾಕಿ. ಆರು ತಿಂಗಳಿಂದ ಪಕ್ಕದ ಮನಿಯವರಿಗೆ ಪುಡಿ ಒಯ್ತಾರ. ಕುಂದರ್ರಿ ಅಣ್ಣಾ.’

ಮಾವ ಮಣೆಯ ಮೇಲೆ ಕೂತರು. ಆರಾಮಾಗಿ, ಪಂಚೆಯ ಅಂಚು ಸರಿಮಾಡಿಕೊಂಡು ಕೂತರು. ಅವರ ಕುತ್ತಿಗೆಯ ನರ ಬಿಗಿದದ್ದು ಅವರ ಹಿಂದೆ ನಿಂತ ನನಗೆ ಮಾತ್ರ ಕಂಡಿತು. ಆಗ ನನಗೆ ಅರ್ಥವಾಯಿತು: ಆರು ತಿಂಗಳು ಅವರು ಹೀಗೆಯೇ ಆ ಮಣೆಯ ಮೇಲೆ ಕೂತು ಕೂತು ಅವಳ ಕಣ್ಣಿಗೆ ಮಣ್ಣೆರಚಿದ್ದಾರೆ. ಪಕ್ಕದ ಮನೆಯವರಿಗೆ ರಕ್ತ ಹೋಗುವುದಿಲ್ಲ ಎಂದಿದ್ದಾರೆ. ಅವಳು ನಂಬಿ ಪೊಟ್ಟಣ ಕಟ್ಟಿದ್ದಾಳೆ.

ಅವರ ಮಗ್ಗದ ಹಲಗೆಯ ಮೇಲೆ ಎರಡು ಸಿಂಬಿ ಇದ್ದದ್ದನ್ನು ನಾನು ಕಂಡಿದ್ದೆ. ಬಚ್ಚಲಲ್ಲಿ ಅವರ ಪಂಚೆ ಬೇರೆ ಬಕೆಟ್ಟಿನಲ್ಲಿ ನೆನೆಯುತ್ತಿದ್ದದ್ದನ್ನು, ನೀರು ಕೆಂಪಾದದ್ದನ್ನು ನನ್ನ ಹೆಂಡತಿ ಕಂಡು ಅತ್ತಿದ್ದಳು. ‘ಅಪ್ಪ ಅರ್ಧ ಆಗ್ಯಾನ’ ಎಂದಿದ್ದಳು. ಇಷ್ಟೆಲ್ಲ ಕಂಡೂ ಮನೆಯಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿರಲಿಲ್ಲ. ಹಿರಿಯರ ಮುಂದೆ ಅಂಥ ಮಾತು ಆಡುವುದುಂಟೇ? ಅಂಗಡಿ ಅವ್ವ ಪುಡಿಯನ್ನು ಕಾಗದಕ್ಕೆ ಸರಿಸತೊಡಗಿದಳು. ಆ ಪೊಟ್ಟಣ ಮಾವನ ಕೈಗೆ ಹೋದರೆ ಇನ್ನೊಂದು ತಿಂಗಳು ಹೀಗೆಯೇ ಕಳೆಯುತ್ತದೆ ಎನಿಸಿತು.

‘ಕಟ್ಟಬ್ಯಾಡವ್ವಾ’ ಎಂದೆ. ‘ನಮ್ಮ ಮಾವ ಸುಳ್ಳು ಹೇಳಾಕತ್ತಾರ. ಪಕ್ಕದ ಮನಿಯವರಿಗಲ್ಲ, ಇವರಿಗೇ ಮೂಲವ್ಯಾಧಿ. ರಕ್ತ ಹೋಗ್ತೈತಿ. ಮೈ ಇಳಿದೈತಿ.’

ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. ಬಳೆ ಅಂಗಡಿಯವನು ಈ ಸಲ ತಲೆ ಎತ್ತಲಿಲ್ಲ. ಮಾವ ನನ್ನನ್ನು ನೋಡಿದ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ‘ಎದಿ ಮ್ಯಾಲೆ ಆಡ್ಸಿ ಬೆಳ್ಸಿದೆನಲ್ಲೋ ನಿನ್ನ’ ಎಂದರು.

ಅಂಗಡಿ ಅವ್ವನ ಕೈ ನಿಂತಿತು. ಅವಳು ಪುಡಿಯನ್ನು ವಾಪಸು ಡಬ್ಬಿಗೆ ಸುರಿದಳು, ಅರ್ಧ ಕೆಳಗೆ ಚೆಲ್ಲಿತು. ಮಾವನನ್ನು ಬೈಯುತ್ತಾಳೆಂದು ನಾನು ಕಾದೆ. ಅವಳು ಹೇಳಿದ್ದು ಬೇರೆ.

‘ತಪ್ಪು ನಂದು ಅಣ್ಣಾ. ಕುಂತವರಿಗೆ ಏನೂ ಇಲ್ಲ ಅಂತ ತಿಳ್ಕೊಂಡೆ. ಮಣಿ ಮ್ಯಾಲೆ ಭರವಸೆ ಇಟ್ಟೆ, ನಿಮ್ಮ ಮುಖ ನೋಡ್ಲಿಲ್ಲ. ಏಳ್ರಿ.’

ನಡು ಮಧ್ಯಾಹ್ನ ವ್ಯಾಪಾರದ ಹೊತ್ತಿನಲ್ಲಿ ಅವಳು ಅಂಗಡಿಯ ಬಾಗಿಲು ಎಳೆದಳು. ಮಾವ ಬರುವುದಿಲ್ಲ ಎಂದು ಹಟ ಹಿಡಿದರು. ಅವಳು ಅವರ ಕೈ ಹಿಡಿದುಕೊಂಡೇ ನಡೆದಳು, ಬಿಡಲಿಲ್ಲ. ಸರ್ಕಾರಿ ದವಾಖಾನೆಯ ಸಾಲಿನಲ್ಲಿ ನಾವು ಮೂವರೂ ನಿಂತೆವು. ಖಾಲಿ ಬೆಂಚು ಪಕ್ಕದಲ್ಲೇ ಇತ್ತು. ನಮಗೆ ಕೂರಲು ಆಗುತ್ತಿರಲಿಲ್ಲ, ಅವಳಿಗೆ ಆಗುತ್ತಿದ್ದರೂ ಕೂರಲಿಲ್ಲ.

ಆ ಸಾಲಿನಲ್ಲೇ ಅವಳು ತನ್ನ ಗಂಡನ ಕಥೆ ಹೇಳಿದಳು. ಅಂಗಡಿ ಅವರದು. ಊರೆಲ್ಲಕ್ಕೂ ಇದೇ ಪುಡಿ ಕಟ್ಟಿಕೊಡುತ್ತಿದ್ದ ಮನುಷ್ಯ ತನಗೂ ಅದನ್ನೇ ಕಟ್ಟಿಕೊಂಡಿದ್ದ. ‘ಎರಡು ವರ್ಷ ತಮ್ಮಾ. ಕೇಳಿದ್ರ ಮೂಲವ್ಯಾಧಿ ಅಂದ್ರು, ಹೆಸರು ಗೊತ್ತೈತಲ್ಲ ಅಂತ ನಾನೂ ಸುಮ್ನಾದೆ. ಕಡೀಕ ಕುಂದ್ರಾಕ ಆಗದೆ ನಿಂತುಕೊಂಡೇ ಯಾಪಾರ ಮಾಡ್ತಿದ್ರು. ಕಣ್ಣಿಂದ ನೋಡಿದೆ, ಬಾಯಿಂದ ಮತ್ತ ಕೇಳ್ಲಿಲ್ಲ. ಕರುಳಾಗ ಗಂಟಿತ್ತಂತ. ರಾಯಚೂರಿನ ದೊಡ್ಡ ಡಾಕ್ಟರ್, ಇನ್ನೊಂದ್ ವರ್ಷ ಮೊದಲು ಬಂದಿದ್ರ ಅಂದ್ರು.’ ಗಂಡ ತೀರಿಕೊಂಡ ಮೇಲೆಯೇ ಅವಳು ಆ ಮಣೆಯನ್ನು ಕಟ್ಟೆಯ ಮೇಲೆ ಹಾಕಿದ್ದು. ಮಾವ ಆಗ ತಮ್ಮ ಕೈಯನ್ನು ಬಿಡಿಸಿಕೊಳ್ಳುವುದನ್ನು ನಿಲ್ಲಿಸಿದರು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ನೋಡಿ, ಇದು ಬರೀ ಮೂಲವ್ಯಾಧಿ, ನೀರು ಕುಡಿ, ಸೊಪ್ಪು ತಿನ್ನು, ತಾಸಿಗೊಮ್ಮೆ ಮಗ್ಗದಿಂದ ಎದ್ದು ಓಡಾಡು ಎಂದು ಮಾತ್ರೆ ಬರೆದುಕೊಟ್ಟರು. ಮಾವನನ್ನು ಮಾತ್ರ ಬಹಳ ಹೊತ್ತು ನೋಡಿ ರಾಯಚೂರಿಗೆ ಚೀಟಿ ಬರೆದರು. ಅಲ್ಲಿ ಕಂಡದ್ದು ಕರುಳಿನ ಗಂಟು, ಇನ್ನೂ ಚಿಕ್ಕದು. ತಿಂಗಳೊಪ್ಪತ್ತಿನಲ್ಲಿ ಆಪರೇಷನ್ ಆಯಿತು. ಅವರು ಒಂದು ವರ್ಷ ಲಾಳಿ ಹಿಡಿಯಲಿಲ್ಲ, ಆಮೇಲೆ ಹಿಡಿದರು.

ಮುಂದೆ ನಾನು ಮಕ್ತಲ್‌ಗೆ ಹೋದಾಗಲೆಲ್ಲ ಅವಳ ಅಂಗಡಿಯಲ್ಲಿ ಚಹಾ ಕುಡಿಯದೆ ಬಂದದ್ದಿಲ್ಲ. ಅವಳು ಶಾಲೆ ಕಲಿತದ್ದು ಅಷ್ಟಕ್ಕಷ್ಟೇ. ಆದರೆ ಆ ಒಂದು ಪದದ ಬೆನ್ನು ಹತ್ತಿದ್ದು ಯಾವ ಪಂಡಿತನಿಗೂ ಕಡಿಮೆಯಿರಲಿಲ್ಲ. ಓದಿದ ಗಿರಾಕಿ ಸಿಕ್ಕರೆ ಕೇಳಿ ಕೇಳಿ ಕೂಡಿಹಾಕಿದ್ದಳು. ಮೂಲ ಎಂದರೆ ಬುಡ, ಬುಡದ ವ್ಯಾಧಿ ಅದು. ನಮ್ಮಲ್ಲಿ ಕೆಲವರು ಮೊಳೆರೋಗ ಎನ್ನುತ್ತಾರೆ, ತೆಲುಗಿನ ಮೊಲಲು ಅದರ ನೆಂಟ ಇರಬೇಕು, ಮೊಳಕೆಯ ಹಾಗೆ ಹೊರಗೆ ಬರುತ್ತದಲ್ಲ ಎನ್ನುವುದು ಅವಳ ಅಂದಾಜು. ಬವಾಸೀರ್ ಅರಬ್ಬೀ ಮಾತು, ನವಾಬರ ಕಾಲದ ಹಕೀಮರು ರಕ್ತ ಹೋಗುವುದಕ್ಕೆ ಖೂನಿ ಎಂದೂ ಹೋಗದಿರುವುದಕ್ಕೆ ಬಾದಿ ಎಂದೂ ಎರಡು ಬಗೆ ಮಾಡುತ್ತಿದ್ದರು. ಔಷಧದ ಶೀಸೆಯ ಮೇಲೆ ಬರೆಯುವ ಅರ್ಶ ಎಂಬ ಸಂಸ್ಕೃತ ಮಾತಿಗೆ, ಹಗೆಯಂತೆ ಕಾಡುವುದು ಎಂದು ವೈದ್ಯರು ಅರ್ಥ ಬಿಡಿಸುತ್ತಾರೆ. ಪೈಲ್ಸ್ ಎಂದರೆ ಮೂಲದಲ್ಲಿ ಚೆಂಡು ಎಂದು ಮೆಡಿಕಲ್ ಅಂಗಡಿಯ ಹುಡುಗಿಯೊಬ್ಬಳು ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳಂತೆ.

‘ಒಬ್ಬರಿಗೆ ಬುಡ ಕಾಣಿಸ್ತು, ಒಬ್ಬರಿಗೆ ಮೊಳಕಿ, ಒಬ್ಬರಿಗೆ ಚೆಂಡು’ ಎಂದಳು ಒಂದು ದಿನ, ಬಶಿಯಲ್ಲಿ ಚಹಾ ಆರಿಸುತ್ತ. ‘ಎಲ್ಲಾರೂ ಚಂದಾಗಿ ಹೆಸರಿಟ್ಟಾರ. ನಮ್ಮ ಮಂದಿ ಕೆಳಗ ಏನ್ ತ್ರಾಸ ಆದ್ರೂ ಇದೊಂದಽ ಹೆಸರು ಹೇಳಿ ಮುಚ್ಚಿಡ್ತಾರ. ಹೆಸರು ಹೇಳ್ಸೋದು ನನ್ನ ಕೆಲಸ, ನೋಡೋದು ಡಾಕ್ಟರ್ ಕೆಲಸ. ನನ್ನ ಗಂಡ ಎರಡೂ ತಾನೇ ಮಾಡಾಕ ಹೋದ.’

ಮಾವನ ಪ್ರಸಂಗವಾದ ಮೇಲೆ ಅವಳು ಕಟ್ಟಳೆ ಬಿಗಿ ಮಾಡಿದ್ದಳು. ಮಣೆಯ ಮೇಲೆ ಕೂತವರಿಗೂ ಚೀಟಿ ಬೇಕು, ಪಕ್ಕದ ಮನೆಯವರಿಗೆ ಎಂದವರಿಗೂ ಬೇಕು. ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. ಗದ್ವಾಲದಿಂದ ಬರುತ್ತಿದ್ದವರು ಬೇರೆ ಅಂಗಡಿ ಹುಡುಕಿಕೊಂಡರು. ಅವಳಿಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ಹಟಮಾರಿ ಹೆಂಗಸು. ನನ್ನ ಜೀವನದಲ್ಲಿ ಅಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಈಗ ನನ್ನ ಮಗ್ಗದ ಮನೆಯಲ್ಲಿ ಆ ಪದಕ್ಕೆ ಯಾರೂ ನಗುವುದಿಲ್ಲ. ಯಾರ ಹಲಗೆಯ ಮೇಲಾದರೂ ಸಿಂಬಿ ಕಂಡರೆ ನಾನು ಹೋಗಿ ಕೇಳುತ್ತೇನೆ, ಅಕ್ಕಿ ಬೇಳೆ ಕೇಳಿದ ಹಾಗೆ. ಮೊದಮೊದಲು ಬೈದರು. ಈಗ ಹೆಂಗಸರೂ ಬಂದು ಹೇಳುತ್ತಾರೆ, ನನ್ನ ಹೆಂಡತಿ ಅವರನ್ನು ದವಾಖಾನೆಗೆ ಕರೆದುಕೊಂಡು ಹೋಗುತ್ತಾಳೆ.

ಕಳೆದ ಚಳಿಗಾಲದಲ್ಲಿ ಅಂಗಡಿ ಅವ್ವ ತೀರಿಕೊಂಡಳು. ನಾಲ್ಕು ದಿನದ ಜ್ವರ, ವಯಸ್ಸೂ ಆಗಿತ್ತು. ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ದಿನದ ಕಾರ್ಯಕ್ಕೆ ನಾನೂ ಮಾವನೂ ಮಕ್ತಲ್ ಬಸ್ಸು ಹತ್ತಿದೆವು. ಅಕ್ಕಪಕ್ಕದ ಸೀಟಿನಲ್ಲಿ ಕೂತೆವು.

ಮನೆಯ ಅಂಗಳದಲ್ಲಿ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಪಡಸಾಲೆಯಲ್ಲಿ ಅವಳ ಫೋಟೋ, ಹಾರ, ದೀಪ. ಅದರ ಮುಂದೆ, ಅಂಗಡಿಯಿಂದ ತಂದಿಟ್ಟ ಆ ಬೇವಿನ ಮಣೆ. ಅವಳ ಮಗಳು ನಮ್ಮನ್ನು ಗುರುತಿಸಿ ಕುರ್ಚಿ ತೋರಿಸಿದಳು. ಮಾವ ಕುರ್ಚಿಯ ಕಡೆ ನೋಡಲೂ ಇಲ್ಲ. ನೇರ ಒಳಗೆ ಹೋಗಿ, ಪಂಚೆಯ ಅಂಚು ಸರಿಮಾಡಿಕೊಂಡು, ಮಣೆಯ ಮೇಲೆ ಕೂತರು. ಅವರ ಹಿಂದೆ ನಿಂತು ನಾನು ಕುತ್ತಿಗೆಯನ್ನೇ ನೋಡಿದೆ. ನರ ಬಿಗಿದಿರಲಿಲ್ಲ.

ಅವರು ಫೋಟೋದ ಕಡೆ ಕೈಮುಗಿದು, ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು.

‘ಈ ಸಲ ಸುಳ್ಳಲ್ಲ, ತಂಗೀ. ಖರೇನೇ ಕುಂತೀನಿ.’