ಹಳದಿ ದಾರದ ಟೊಂಗೆ

ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆಯಾಕೆ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಮಾತಿನ ನಡುವೆಯೇ ಹಲ್ಲಿನಿಂದ ದಾರ ಕಡಿಯುವಳು. ಏನು ಕೇಳಿದರೂ "ತಡೀರಿ, ಇದೊಂದು ಹೊಲಿಗಿ ಮುಗೀಲಿ" ಅನ್ನುವಳು.

ಇಲ್ಲಿ ಕೆಲಸ ಕಡಿಮೆಯಾಗಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟಾಗ, ತನ್ನ ಅಂಗಳದ ನಂದಿಬಟ್ಟಲ ಗಿಡವನ್ನು ನನಗೆ ಕೊಟ್ಟಳು. ಅಗೆಯುವ ಮೊದಲು, ಮೂಡಣಕ್ಕೆ ಮುಖ ಮಾಡಿದ್ದ ಟೊಂಗೆಗೆ ಜೀನ್ಸಿನ ಹಳದಿ ದಾರ ಕಟ್ಟಿದಳು. ಬೇರಿನ ಮಣ್ಣು ಉದುರದಂತೆ ಕಟಿಂಗ್‌ನಲ್ಲಿ ಉಳಿದ ಬಟ್ಟೆಚೂರು ಸುತ್ತಿ ತಂದಳು. ನಮ್ಮ ಹಿತ್ತಲಲ್ಲೂ ಆ ಟೊಂಗೆಯನ್ನು ಮೂಡಣಕ್ಕೇ ತಿರುಗಿಸಿ ನೆಟ್ಟಳು.

"ಮುಖ ತಿರುವಿದ್ರ ಎಲಿ ಬಾಡ್ತಾವ್ರಿ," ಎಂದಳು.

"ದಾರ ಯಾವಾಗ ಬಿಚ್ಚಲಿ?" ಎಂದು ಕೇಳಿದೆ.

"ತಡೀರಿ, ಚಿಗುರಲಿ. ಯುಗಾದಿಗೆ ನಾನ ಬಂದು ಬಿಚ್ಚತೀನಿ."

ಗಿಡ ತಿಂಗಳಲ್ಲೇ ಚಿಗುರಿತು. ಯುಗಾದಿಗೆ ಅವಳಿಗೆ ರಜೆ ಸಿಗಲಿಲ್ಲ, ಮರುವರ್ಷವೂ ಸಿಗಲಿಲ್ಲ. ಅವಳೇ ಬಿಚ್ಚಲೆಂದು ನಾನು ದಾರ ಮುಟ್ಟಲಿಲ್ಲ. ಜೀನ್ಸಿನ ದಾರ ಕೊಳೆಯುವುದಿಲ್ಲ. ಟೊಂಗೆ ದಪ್ಪವಾದಂತೆ ತೊಗಟೆಯೊಳಗೆ ಇಳಿಯಿತು.

ಜ್ವರ ಬಂದು ತೀರಿಕೊಂಡ ಅವಳನ್ನು ವ್ಯಾನಿನಲ್ಲಿ ಊರಿಗೆ ತಂದ ಬೆಳಿಗ್ಗೆ, ಅವಳ ಅಕ್ಕ ಹೂವು ಕೇಳಿಕೊಂಡು ಬಂದಳು. ಗಿಡ ಮೈತುಂಬ ಅರಳಿತ್ತು. ಬುಟ್ಟಿ ತುಂಬಿಸಿ ಕೊಟ್ಟೆ. ಆಮೇಲೆ ದಾರ ಬಿಚ್ಚಲು ಕೂತೆ. ಎಷ್ಟು ಹುಡುಕಿದರೂ ತುದಿ ಸಿಗಲಿಲ್ಲ.