ಓದಲು ಬಾರದವಳ ಚಾಳೀಸು

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ. ಚಾಳೀಸ್ ಅಂದರೆ ನಲವತ್ತು. ನಲವತ್ತಾದವರಿಗೆ ಬರುವಂಥದ್ದು ಅಂತ ಹೆಸರಿನಲ್ಲೇ ಬರೆದಿಟ್ಟ ಹಾಗಾಯಿತು. ಈ ಹೆಸರಿಟ್ಟ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಬೈದೇ ಬಿಡುತ್ತಿದ್ದೆ. ಮೂಗಿನ ಮೇಲೆ ಏರಿಸಿದ ಕೂಡಲೇ ವಯಸ್ಸನ್ನು ಡಂಗುರ ಸಾರುವ ವಸ್ತುವನ್ನು ಯಾವ ಹೆಂಗಸು ತಾನಾಗಿ ಕೇಳಿ ಪಡೆದಾಳು? ಅದರಲ್ಲೂ ಕಣ್ಣಿನ ಮೇಲೆಯೇ ಅನ್ನ ನಿಂತಿರುವ ನಮ್ಮಂಥವರು?

ರಾಣೆಬೆನ್ನೂರಿನ ಸುತ್ತ ಬೀಜದ ತೋಟಗಳು ಬಹಳ. ನಾನು ದುಡಿಯುತ್ತಿದ್ದದ್ದು ಒಂದು ಟೊಮ್ಯಾಟೊ ತೋಟದಲ್ಲಿ, ಬಿಳಿ ಬಲೆ ಹೊದಿಸಿದ ಚಪ್ಪರದೊಳಗೆ. ನಮ್ಮ ಕೆಲಸಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಅರಳಲು ಒಂದು ದಿನ ಬಾಕಿ ಇರುವ ಮೊಗ್ಗನ್ನು ಎಡಗೈಯಲ್ಲಿ ಹಿಡಿದು, ಚಿಮಟದಿಂದ ಅದರ ಹಳದಿ ಗಂಡು ಕೇಸರವನ್ನು ಪೂರ್ತಿ ಕಿತ್ತು ತೆಗೆಯಬೇಕು; ನಡುವಿನ ಹಸಿರು ಕಡ್ಡಿ ಮಾತ್ರ ಮುರಿಯಬಾರದು. ಮರುದಿನ ಮುಂಜಾನೆ ಆ ಕಡ್ಡಿಯ ತುದಿಗೆ ಬೇರೆ ತಳಿಯ ಗಿಡದ ಪರಾಗ ಮುಟ್ಟಿಸಬೇಕು. ಕೇಸರದ ಒಂದು ಚೂರು ಒಳಗೆ ಉಳಿದರೂ ಹೂವು ತನ್ನ ಪರಾಗವನ್ನೇ ತಾನು ತೆಗೆದುಕೊಂಡು ಕಾಯಿ ಕಟ್ಟುತ್ತದೆ, ಬೀಜ ಕೆಡುತ್ತದೆ. ಆ ಕಡ್ಡಿ ಎಷ್ಟು ದಪ್ಪ ಇರುತ್ತದೆ ಅಂತೀರಿ? ಹೊಲಿಯುವ ದಾರದಷ್ಟು.

ಒಂದು ಸಾಲಿಗೆ ಇಬ್ಬರು. ಗಿಡದ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ನನ್ನ ಎದುರಿಗೆ ನಿಲ್ಲುತ್ತಿದ್ದವಳು ಆಪಾ; ಆಪಾ ಅಂದರೆ ಅಕ್ಕ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ನನಗಿಂತ ಹತ್ತು ವರ್ಷ ದೊಡ್ಡವಳು. ಮೊದಲು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳಂತೆ. ಘಾಟಿಗೆ ಕೆಮ್ಮು ಹತ್ತಿ, ಎದೆ ಬಿಗಿಯತೊಡಗಿದಾಗ ಅದನ್ನು ಬಿಟ್ಟು ಇತ್ತ ಬಂದವಳು. "ಇಲ್ಲಿ ನೆಳ್ಳೈತಿ, ಉಸರಾಡಾಕ ಚಲೋ ಗಾಳಿ ಐತಿ. ನನಗ ಇದ ಜನ್ನತ್," ಅನ್ನುತ್ತಿದ್ದಳು.

ನನಗೆ ಕ್ರಾಸಿಂಗ್ ಕಲಿಸಿದವಳು ಆಕೆಯೇ. ಮೊದಲ ವಾರ ನಾನು ಮೊಗ್ಗು ಮುರಿದು ಮುರಿದು ನೆಲಕ್ಕೆ ಚೆಲ್ಲುತ್ತಿದ್ದಾಗ ಉಳಿದವರು ನಕ್ಕರು. ಆಪಾ ಮಾತ್ರ ಸಾಲು ದಾಟಿ ಬಂದು ನನ್ನ ಕೈ ಹಿಡಿದು, "ಹಗೂರಕ ತಂಗಿ, ಕೂಸಿನ ಉಗುರು ತಗದಂಗ ತಗೀಬೇಕು," ಅಂದಿದ್ದಳು. ಆಮೇಲೆ ನನ್ನ ಕೈ ಎಷ್ಟು ಚುರುಕಾಯಿತು ಅಂದರೆ, ನಾಲ್ಕನೆಯ ಹಂಗಾಮಿಗೆ ಇಡೀ ಚಪ್ಪರದಲ್ಲಿ ನನ್ನಷ್ಟು ಹೂವು ಮಾಡುವವರು ಇರಲಿಲ್ಲ. ನನಗೆ ಅದರ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಬಾಯಿ ಮೊದಲೇ ಜೋರು; ಕೈಯೂ ಜೋರಾದ ಮೇಲೆ ನನ್ನನ್ನು ಹಿಡಿಯುವವರು ಯಾರು?

ನನಗೆ ನಲವತ್ತೆರಡು ನಡೆಯುತ್ತಿದ್ದ ವರ್ಷ ಅದು. ಬೀಜ ಕೊಳ್ಳುವವರ ಕಡೆಯಿಂದ ತಪಾಸಣೆಯ ಮೇಡಂ ಬಂದು, ಕೈಯಲ್ಲಿ ಭೂತಗನ್ನಡಿ ಹಿಡಿದು ಸಾಲು ಸಾಲು ನೋಡುತ್ತ ಬಂದರು. ನಮ್ಮ ಸಾಲಿನಲ್ಲಿ ನಿಂತರು. ಒಂದು ಹೂವು ಕಿತ್ತರು, ಇನ್ನೊಂದು ಕಿತ್ತರು. ಅಂಗೈ ಮೇಲೆ ಐದಾರು ಹೂವು ಇಟ್ಟುಕೊಂಡು ತೋಟದ ಸಾಹುಕಾರರನ್ನು ಕರೆದರು. ಎಲ್ಲದರಲ್ಲೂ ಕೇಸರದ ಚೂರು ಉಳಿದಿತ್ತು.

"ಈ ಸಾಲಿನ್ಯಾಗ ಯಾರ ಕಣ್ಣು ಮಂದ ಆಗ್ಯಾವು?" ಅಂತ ಸಾಹುಕಾರರು ಕೇಳಿದರು.

ಎಲ್ಲರೂ ಆಪಾಳನ್ನು ನೋಡಿದರು. ಆ ಹಂಗಾಮಿನಲ್ಲಿ ಆಕೆ ನಿಧಾನವಾಗಿದ್ದಳು. ಮೊಗ್ಗನ್ನು ದೂರ ಹಿಡಿಯುವಳು, ಕತ್ತು ಓರೆ ಮಾಡುವಳು, ಬೆಳಕಿಗೆ ತಿರುಗಿಸಿ ಮತ್ತೊಮ್ಮೆ ನೋಡುವಳು. ನಾನೂ ಆಕೆಯನ್ನೇ ನೋಡಿದೆ. ಆಪಾ ತಲೆ ತಗ್ಗಿಸಿದಳು.

"ವಯಸ್ಸಾತು ಆಪಾ. ಸೋಮವಾರದಿಂದ ಬೀಜ ತೊಳಿಯಾಕ ಹೋಗ್ರಿ," ಅಂದರು ಸಾಹುಕಾರರು. ಅವರು ಕೆಟ್ಟವರೇನಲ್ಲ, ದನಿ ಏರಿಸಲಿಲ್ಲ. ಆದರೆ ಬೀಜ ತೊಳೆಯುವುದು ಅಂದರೇನು ಅಂತ ನಮಗೆಲ್ಲ ಗೊತ್ತಿತ್ತು. ಕೊಳೆತ ಹಣ್ಣಿನ ಹುಳಿ ನೀರಿನಲ್ಲಿ ದಿನವಿಡೀ ಮೊಣಕೈವರೆಗೆ ಕೈ ಅದ್ದಿ, ಹಸಿ ನೆಲದ ಮೇಲೆ ಬಗ್ಗಿಯೇ ನಿಲ್ಲಬೇಕು. ವಾರಕ್ಕೆ ಅಂಗೈ ಸುಲಿಯುತ್ತದೆ. ಐವತ್ತು ದಾಟಿದವರು ಅಲ್ಲಿಗೆ ಹೋದರೆ ಮುಂದಿನ ಹಂಗಾಮಿಗೆ ಮನೆಯಲ್ಲೇ ಉಳಿಯುತ್ತಾರೆ, ಯಾರೂ ಬೇಡ ಅನ್ನಬೇಕಾಗಿಲ್ಲ.

ಅವತ್ತು ಊಟಕ್ಕೆ ಕೂತಾಗ ನಾನು ಆಪಾಳ ಮೇಲೆ ಹರಿಹಾಯ್ದೆ. "ಕಾಣ್ಸೂದಿಲ್ಲಂದ್ರ ಬಾಯಿ ಬಿಟ್ಟ ಹೇಳಬೇಕಿಲ್ಲೋ? ನಿನ್ನ ಸಲುವಾಗಿ ನನ್ನ ಹೆಸರೂ ಕೆಡ್ತಲ್ಲ!"

"ಹೌದವಾ, ತಪ್ಪಾತು," ಅಂದಳು. ದಿನದಂತೆ ತನ್ನ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ಅರ್ಧ ನನ್ನ ರೊಟ್ಟಿಯ ಮೇಲೆ ಹಾಕಿದಳು. ನಾಚಿಕೆಗೇಡಿ ನಾನು, ತಿಂದೆ.

ಸಂಜೆ ಊರಿಗೆ ಮರಳುವ ಟಂಟಂ ಆಟೋದಲ್ಲಿ ಆಕೆ ನನ್ನ ಎದುರಿಗೇ ಕೂತಿದ್ದಳು.  ಎರಡೂ ಅಂಗೈ ಬಿಚ್ಚಿ ಅವನ್ನೇ ನೋಡಿಕೊಳ್ಳುತ್ತಿದ್ದಳು. ನನ್ನ ಸಿಟ್ಟು ಬರುವುದೂ ಬೇಗ, ಇಳಿಯುವುದೂ ಬೇಗ. ನನ್ನ ಕೈ ಹಿಡಿದು ಕಲಿಸಿದವಳನ್ನು ಎಲ್ಲರೆದುರು ಹಾಗೆ ಅಂದುಬಿಟ್ಟೆನಲ್ಲ ಅಂತ ನನ್ನನ್ನೇ ಬೈದುಕೊಂಡೆ.

"ಆಪಾ, ನಾಡದ ರಜಾ ಐತೆಲ್ಲಾ, ರಾಣೆಬೆನ್ನೂರಿಗೆ ಹೋಗೂಣು. ನಿನಗೊಂದು ಚಾಳೀಸು ತರೂಣು," ಅಂದೆ.

ಆಕೆ ನಕ್ಕೇಬಿಟ್ಟಳು. "ನನಗ್ಯಾಕವಾ ಚಾಳೀಸು? ನನಗ ಓದಾಕ ಬರೂದಿಲ್ಲಲ್ಲ!"

ತಮಾಷೆಗೆ ಅಂದಳೇನೋ ಅಂದುಕೊಂಡೆ. ಅಲ್ಲ, ಖರೇನೇ ಹೇಳುತ್ತಿದ್ದಳು. ಆಕೆಯ ಲೆಕ್ಕದಲ್ಲಿ ಚಾಳೀಸು ಅನ್ನುವುದು ಅಕ್ಷರ ಬಲ್ಲವರ ಸಾಮಾನು. ಮಾಸ್ತರರು ಹಾಕುತ್ತಾರೆ, ಮೌಲ್ವಿಗಳು ಹಾಕುತ್ತಾರೆ, ಬ್ಯಾಂಕಿನವರು ಹಾಕುತ್ತಾರೆ. "ಗಿಡದಾಗೇನು ಅಕ್ಷರ ಬರದಿರ್ತೈತೇನು?" ಅಂತ ನನ್ನನ್ನೇ ಕೇಳಿದಳು. ಅಯ್ಯೋ ಶಿವನೇ, ಐವತ್ತೆರಡು ವರ್ಷದ ಹೆಂಗಸು, ಓದು ಬರದವಳಿಗೆ ಕಣ್ಣೂ ಬೇಕಿಲ್ಲ ಅಂದುಕೊಂಡು ಇಷ್ಟು ದಿನ ಕಳೆದಿದ್ದಳಲ್ಲ!

ಎಳೆದುಕೊಂಡೇ ಹೋದೆ. ಬಸ್ ನಿಲ್ದಾಣದ ಹತ್ತಿರದ ಕನ್ನಡಕದ ಅಂಗಡಿಯವರು ಆಕೆಯ ಕೈಗೆ ಒಂದು ರಟ್ಟು ಕೊಟ್ಟು, "ಕೆಳಗಿನ ಸಾಲು ಓದ್ರಿ," ಅಂದರು. ಆಪಾ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಎದ್ದು ಹೊರಟಳು. ನಾನು ರಟ್ಟೆ ಹಿಡಿದು ಕೂರಿಸಿ, ಆ ರಟ್ಟನ್ನು ಈಸಿಕೊಂಡು ನಾನೇ ಒಮ್ಮೆ ನೋಡಿದೆ.

"ಆಕಿಗೆ ಅಕ್ಷರ ಬರೂದಿಲ್ರಿ. ಹೂವು ಬರ್ತಾವು," ಅಂದೆ.

ನನ್ನ ಹಿತ್ತಲಲ್ಲಿ ಒಂದು ಟೊಮ್ಯಾಟೊ ಗಿಡ ಇತ್ತು. ಅದರ ಮೊಗ್ಗುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿ ತಂದಿದ್ದೆ. ರಟ್ಟಿನ ಬದಲು ಒಂದು ಮೊಗ್ಗನ್ನೂ ನನ್ನ ಚಿಮಟವನ್ನೂ ಆಪಾಳ ಕೈಗೆ ಕೊಟ್ಟೆ. ಅಂಗಡಿಯವರು ನಕ್ಕರೂ ಬುದ್ಧಿವಂತರು. ಒಂದೊಂದೇ ಗಾಜು ಬದಲಿಸುತ್ತ ಹೋದರು. ಮೂರನೆಯ ಗಾಜಿಗೆ ಆಪಾಳ ಕೈ ತಟ್ಟನೆ ನಿಂತಿತು.

"ಯಾ ಅಲ್ಲಾ," ಅಂದಳು ಸಣ್ಣ ದನಿಯಲ್ಲಿ. "ಇದಕ್ಕ ಕೂದಲಾ ಅದಾವು!"

ಟೊಮ್ಯಾಟೊ ಮೊಗ್ಗಿನ ಮೈಮೇಲೆ ಸಣ್ಣ ನವಿರು ಇರುತ್ತದೆ. ಎಷ್ಟು ವರ್ಷದ ಹಿಂದೆ ಆಕೆಗೆ ಅದು ಕಾಣದಂತಾಗಿತ್ತೋ, ಇದ್ದದ್ದೇ ಮರೆತುಹೋಗಿತ್ತು. ಆಮೇಲೆ ತನ್ನ ಬೆರಳು ನೋಡಿಕೊಂಡಳು. ಗಿಡದ ಹಸಿರು ಕಪ್ಪಾಗಿ ಒಡಕುಗಳಲ್ಲಿ ಕೂತಿತ್ತು. "ಎವ್ವಾ, ಇದು ಯಾರ ಕೈ?" ಅಂತ ನಗುತ್ತ ನಗುತ್ತಲೇ ಅಳತೊಡಗಿದಳು. 

ಹೊರಡುವಾಗ ಅಂಗಡಿಯವರು, "ನೀವೂ ಒಮ್ಮೆ ತೋರಿಸ್ಕೋರಿ ಅಕ್ಕಾರ. ಆ ರಟ್ಟು ನೋಡೂಮುಂದ ಕೈ ಭಾಳ ಉದ್ದ ಚಾಚಿದ್ರಿ," ಅಂದರು. "ನನಗೇನ ಧಾಡಿ ಆಗೇತ್ರಿ?" ಅಂತ ಬಾಗಿಲು ದಾಟಿದೆ.

ಸೋಮವಾರ ಸಾಹುಕಾರರ ಮುಂದೆ ನಿಂತು ಆಪಾಳ ಪರವಾಗಿ ವಾದ ಮಾಡಿದೆ. ಅವರು, "ಶುಕ್ರವಾರ ಮೇಡಂ ಮತ್ತ ಬರ್ತಾರ. ನಿಮ್ಮ ಸಾಲಿನ್ಯಾಗ ಕೆಟ್ಟ ಹೂವು ಸಿಕ್ಕರ ಆಪಾ ತೊಳಿಯಾಕ ಹೋಗೂದ. ಆಮ್ಯಾಲ ನನ್ನ ಮುಂದ ಬರಬ್ಯಾಡ್ರಿ," ಅಂದರು. ಚಪ್ಪರದೊಳಗೆ ಕಾಲಿಡುತ್ತಲೇ ಹೆಂಗಸರು ಆಪಾಳನ್ನು ಶಾಲೆಯ ಟೀಚರ್ ಮಾಡಿ ಛೇಡಿಸಲು ಶುರು ಮಾಡಿದರು. "ಅಕ್ಕೋರು ಬಂದ್ರು, ಎಲ್ಲಾರೂ ಪಾಟಿ ತಗೀರೇ!" ಆಪಾ ಮೂಗಿನ ಮೇಲಿನ ಚಾಳೀಸು ಸರಿಮಾಡಿಕೊಂಡು, "ಮೊದ್ಲ ನಿನ್ನ ಹೂವು ತೋರ್ಸು, ಮಾರ್ಕ್ಸ್ ಕೊಡ್ತೇನಿ," ಅಂತ ಉತ್ತರ ಕೊಟ್ಟಳು. ನಾಚಿ ಮುದುಡುತ್ತಾಳೇನೋ ಅಂತ ಹೆದರಿದ್ದ ನನಗೆ ಖುಷಿಯಾಯಿತು.

ಗುರುವಾರ ಮಧ್ಯಾಹ್ನ ನೀರು ಕುಡಿದು ವಾಪಸ್ ಬಂದೆ. ನೋಡಿದರೆ ಆಪಾ ಸಾಲಿನ ನನ್ನ ಕಡೆ ಬಂದು ಬಗ್ಗಿ ನಿಂತಿದ್ದಾಳೆ. ನಾನು ಮುಗಿಸಿ ಬಿಟ್ಟಿದ್ದ ಹೂವುಗಳಿಗೆ ಚಿಮಟ ಹಾಕುತ್ತಿದ್ದಾಳೆ.

"ನನ್ನ ಕಡೆ ನಿನಗೇನ ಕೆಲ್ಸಾ?" ಅಂತ ಕೂಗಿದೆ. "ಚಾಳೀಸು ಬಂದ ನಾಕ ದಿವ್ಸಕ್ಕ ನೀ ನನ್ನ ತಪಾಸಣೆ ಮಾಡಾಕ್ಹತ್ತಿಯೇನ?"

"ಇಲ್ಲವಾ, ಚಿಮಟ ಬಿದ್ದಿತ್ತು, ಹುಡುಕಾಕತ್ತಿದ್ದೆ," ಅಂದಳು. ಚಿಮಟ ಆಕೆಯ ಕೈಯಲ್ಲೇ ಇತ್ತು. ಸುಳ್ಳು ಹೇಳಲೂ ಬಾರದ ಹೆಂಗಸು.

ನಾನು ಬಿಡಲಿಲ್ಲ. ಕಡೆಗೆ ಆಕೆ ಚಾಳೀಸು ತೆಗೆದು ನನ್ನ ಮೂಗಿನ ಮೇಲೆ ಇಟ್ಟಳು. ನನ್ನ ಒಂದು ಹೂವನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು. ಹಸಿರು ಕಡ್ಡಿಯ ಬುಡದಲ್ಲಿ ಹಳದಿ ಚೂರು. ಇನ್ನೊಂದು ಹೂವು ನಾನೇ ಹಿಡಿದೆ. ಅದು ಸರಿ ಇತ್ತು. ಮುಂದಿನದರಲ್ಲಿ ಮತ್ತೆ ಹಳದಿ.  ಚಪ್ಪರದಲ್ಲೇ ಎಲ್ಲರಿಗಿಂತ ಚುರುಕು ಅಂತ ಮೆರೆದ ನನ್ನ ಕೈ, ಕಾಣದ ಕಣ್ಣಿನ ಹಿಂದೆ ಓಡುತ್ತಿತ್ತು.

"ಯಾವಾಗಿಂದ ನನ್ನವು ಸಾಫ್ ಮಾಡಾಕತ್ತಿ?"

"ಸೋಮಾರದಿಂದ."

"ಮೇಡಂ ಹಿಡದ ಹೂವು?"

ಆಪಾ ಚಿಮಟವನ್ನು ಸೆರಗಿಗೆ ಒರೆಸತೊಡಗಿದಳು. ನಾನು ಆಕೆಯ ಭುಜ ಹಿಡಿದು ಅಲುಗಿಸಿದೆ. "ಹೇಳು ಆಪಾ, ನಿನಗ ಗೊತ್ತಿತ್ತೇನ?"

"ಕಣ್ಣ ಮಂಜಾಗ್ಯಾವಂತ ಒಂದೊಂದು ಹೂವು ಮೂರ ಮೂರ ಸಲ ಹೊಳ್ಳಿಸಿ ನೋಡತಿದ್ನವಾ. ಅದಕ್ಕ ತಡಾ ಆಗತಿತ್ತು. ನನ್ನವು ಅಲ್ಲಂತ ಗೊತ್ತಿತ್ತು."

"ಮತ್ಯಾಕ ಸುಮ್ಮನ ಬೈಸ್ಕೊಂಡಿ?"

"ನಿನಗ ಇನ್ನಾ ಭಾಳ ವರ್ಷ ದುಡಿಯೂದೈತಿ. ನಂದು ಹೆಂಗೂ ಮುಗೀತು ಅಂತ ತಿಳಕೊಂಡಿದ್ದೆ," ಅಂದಳು.

ಸಾಲಿನ ನಡುವೆ ಕುಸಿದು ಕೂತು ಅತ್ತೆ. ಆಪಾ ತಾನೂ ಕೂತು, ಮಣ್ಣಾದೀತು ಅಂತ ನನ್ನ ಸೆರಗು ಎತ್ತಿ ಹಿಡಿದುಕೊಂಡಿದ್ದಳು. ಅತ್ತು ಮುಗಿದ ಮೇಲೆ ಎದ್ದು ನೆಟ್ಟಗೆ ಸಾಹುಕಾರರ ಹತ್ತಿರ ಹೊರಟೆ. "ಬ್ಯಾಡವಾ, ಬ್ಯಾಡ," ಅಂತ ಆಕೆ ಹಿಂದೆಯೇ ಬಂದಳು.

"ಕೆಟ್ಟ ಹೂವು ನನ್ನವು ಸಾವ್ಕಾರ್ರ," ಅಂದೆ. "ಆಪಾನ್ವು ಒಂದೂ ಇಲ್ಲ."

ಅವರು ನನ್ನನ್ನೂ ನೋಡಿದರು, ಆಕೆಯನ್ನೂ ನೋಡಿದರು. "ಹಂಗಾರ ನಿನ್ನ ಕಳಸ್ಲೇನ ತೊಳಿಯಾಕ?"

 "ಕಳಸ್ರಿ. ಆದ್ರ ವರ್ಷಾ ಒಬ್ಬೊಬ್ಬಾಕಿನ್ನ ಹಿಂಗ ಕಳಿಸ್ಕೊಂತ ಹೋದ್ರ ನಾಳೆ ಚಿಮಟ ಹಿಡಿಯಾಕ ಯಾರ ಉಳಿತಾರ್ರಿ? ನನಗ ಈ ಕೈ ಕಲಿಯಾಕ ಎರಡ ವರ್ಷ ಹಿಡೀತು. ಆಪಾಗ ಚಾಳೀಸು ತರಾಕ ಒಂದ ಮುಂಜಾನಿ ಹಿಡೀತು."

ಸಾಹುಕಾರರು ಎದ್ದು ನಡೆದರು. ಚಪ್ಪರದೊಳಗೆ ಬಂದು ದೊಡ್ಡ ದನಿಯಲ್ಲಿ, "ಯಾರನ್ನೂ ಬಿಡಸೂದಿಲ್ಲ, ಖರೇ ಹೇಳ್ರಿ. ಮತ್ತ್ಯಾರಿಗೆ ಕಾಣ್ಸೂದಿಲ್ಲ?" ಅಂತ ಕೇಳಿದರು.  ಎಲ್ಲರ ತಲೆಯೂ ಗಿಡದೊಳಗೆ. ಆದರೆ ಸಂಜೆ ಟಂಟಂ ಹತ್ತುವಷ್ಟರಲ್ಲಿ ನಾಲ್ವರು, ಒಬ್ಬರಿಗೊಬ್ಬರು ಗೊತ್ತಾಗದಂತೆ, ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿ ಹೋದರು: "ಅಕ್ಕಾ, ಆ ಅಂಗಡಿ ಎಲ್ಲೈತಿ?"

ಮರುದಿನ ಮೇಡಂ ಬಂದಾಗ ನಮ್ಮ ಸಾಲಿನಲ್ಲಿ ಒಂದೂ ಕೆಟ್ಟ ಹೂವು ಸಿಗಲಿಲ್ಲ. ಅಷ್ಟರೊಳಗೆ ಆಪಾ ನನ್ನ ಹೂವನ್ನೆಲ್ಲ ಮತ್ತೊಮ್ಮೆ ನೋಡಿ ಮುಗಿಸಿದ್ದಳು. ಮುಂದಿನ ವಾರ ಸಾಹುಕಾರರು ಅಂಗಡಿಯವರನ್ನೇ ಗಾಜಿನ ಪೆಟ್ಟಿಗೆ ಸಮೇತ ತೋಟಕ್ಕೆ ಕರೆಸಿದರು. ಎಲ್ಲರ ಕೈಗೂ ರಟ್ಟಿನ ಬದಲು ಮೊಗ್ಗು ಕೊಟ್ಟು ಪರೀಕ್ಷೆ ಮಾಡಿಸಿದರು. ಮೊದಲ ಚಾಳೀಸು ನನ್ನ ಮೂಗಿನ ಮೇಲೇ ಏರಿತು. ಅಲ್ಲಿಂದ ಪ್ರತಿ ಹಂಗಾಮೂ ಹೀಗೇ ಶುರುವಾಗುತ್ತದೆ. ಕಣ್ಣಿನ ಮಾತು ಹೊರಬಿದ್ದ ಮೇಲೆ ಸೊಂಟದ ಮಾತೂ ಹೊರಬಿತ್ತು. ಕೆಳಗಿನ ಕೊಂಬೆಯ ಹೂವಿಗೆ ಕೂತು ಕೆಲಸ ಮಾಡಲು ಮಣೆಗಳು ಬಂದವು. ಬೀಜ ತೊಳೆಯುವವರಿಗೆ ಉದ್ದನೆಯ ರಬ್ಬರು ಕೈಗವಸುಗಳೂ ಬಂದವು, ಅದಕ್ಕೆ ಮಾತ್ರ ನಾನು ಎರಡು ಹಂಗಾಮು ಜಗಳವಾಡಬೇಕಾಯಿತು.

ತನ್ನದು ಮುಗಿಯಿತು ಅಂದುಕೊಂಡಿದ್ದ ಕೆಲಸವನ್ನು ಆಪಾ ಆಮೇಲೆ ಆರು ಹಂಗಾಮು ನನ್ನ ಎದುರಿಗೆ ನಿಂತು ಮಾಡಿದಳು. ಏಳನೆಯದಕ್ಕೆ ನಾನು ಕರೆಯಲು ಮನೆಗೆ ಹೋದಾಗ, ಚಹಾ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, "ನನಗ ಸಾಕನಿಸೈತವಾ, ಇನ್ನ ಬರೂದಿಲ್ಲ," ಅಂದಳು. ನಾನು ಅತ್ತೆ, ಆಕೆ ಅಳಲಿಲ್ಲ. ಆಕೆಯನ್ನು ಯಾರೂ ಕಳಿಸಿರಲಿಲ್ಲ, ಬಿಟ್ಟವಳು ಆಕೆಯೇ.