ಬಡ್ಡಿ ಏರಿಸಿದ ಅಪವಾದ

ನಮ್ಮ ಮನೆಯ ಕೆಳಗಿನ ಮಳಿಗೆಯ ಬಡಗಿ ತಮ್ಮ ಸೋದರಮಾವನ ಬಳಿ ಕೆಲಸ ಕಲಿತವರು. ಎಡ ಹೆಬ್ಬೆರಳಿಗೆ ಉಗುರಿಲ್ಲ. ಅದು ಮಾವನಿಗೆ ಕೊಟ್ಟ ಶುಲ್ಕವೆಂದು ಅವರೇ ಹೇಳುತ್ತಾರೆ. ಅವರು ಕೂರಿಸಿದ ಬಾಗಿಲು ಕಿರುಗುಟ್ಟಿದ್ದನ್ನು ನಾನು ಕೇಳಿಲ್ಲ. ಭುಜದ ನೋವು ಹೆಚ್ಚಾದಾಗ ಸಾಲ ಮಾಡಿ, ಹಲಗೆ ನುಣುಪು ಮಾಡುವ ಯಂತ್ರ ತಂದರು. ಅವರ ಹೆಂಡತಿ ಅದಕ್ಕೊಂದು ಹೊದಿಕೆಯನ್ನೂ ಹೊಲಿದರು.

ನಾನು ಅಂಕಿಅಂಶ ಇಲಾಖೆಯ ನಿವೃತ್ತ ನೌಕರ. ಬೆಲೆಯೇರಿಕೆಯು ನನ್ನ ಪಿಂಚಣಿಯನ್ನೂ ಠೇವಣಿಯನ್ನೂ ಗೆದ್ದಲಿನಂತೆ ತಿನ್ನುತ್ತಿದ್ದಾಗ, ಕೇಂದ್ರ ಬ್ಯಾಂಕು ಕೈಕಟ್ಟಿ ಕೂರದೆ ಬಡ್ಡಿ ದರ ಏರಿಸತಕ್ಕದ್ದೆಂದು ಅದಕ್ಕೆ ಖಾರವಾಗಿ ಬರೆದೆ. ಬರೆದುದನ್ನು ಬಡಗಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮರುತಿಂಗಳೇ ದರ ಏರಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆನ್ನುವಷ್ಟು ವಿವೇಕ ನನಗಿರಬೇಕಿತ್ತು. ನಾನೋ, “ನೋಡಿದಿರಾ?” ಎಂದು ಮೀಸೆ ತಿರುವಿದೆ.

ಯಂತ್ರದ ಸಾಲದ ಕಂತೂ ಏರಿತು. ಬಡಗಿ ನನ್ನೊಡನೆ ಮಾತು ಬಿಟ್ಟರು. ಕೊನೆಗೊಂದು ಸಂಜೆ ಮೆಟ್ಟಿಲು ಹತ್ತಿ ಬಂದರು.

“ಸಾರ್, ಏರ್ಸಿದ್ದು ಸಾಕು. ಇಳಿಸೋಕೂ ಒಂದು ಕಾಗದ ಬರೆದುಬಿಡಿ. ಇಲ್ಲಾಂದ್ರೆ ಮಿಷನ್ ಮಾರ್ಬೇಕಾಗತ್ತೆ.”

ಬೆಲೆ ಹತೋಟಿಗೆ ಬರಲು ಕೇಂದ್ರ ಬ್ಯಾಂಕಿನ ಮಧ್ಯಪ್ರವೇಶ ಏಕೆ ಅನಿವಾರ್ಯವೆಂದು ನಾನು ಆರಂಭದಿಂದ ವಿವರಿಸತೊಡಗಿದೆ. ಒಳಗಿನಿಂದ ನನ್ನಾಕೆ ಬಂದಳು.

“ನೋಡಪ್ಪಾ, ಇವರ ಮಾತು ಈ ಮನೇಲೇ ನಡೆಯಲ್ಲ, ಇನ್ನು ಆ ಬ್ಯಾಂಕಲ್ಲಿ ನಡೆಯತ್ತಾ? ಇವರ ಕಾಗದಗಳಿಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ.”

ಬಡಗಿ ನನ್ನತ್ತ ತಿರುಗಿದರು. “ಒಂದಕ್ಕೂ?”

ವಾಸ್ತವಾಂಶವನ್ನು ತಿರುಚುವ ಅಭ್ಯಾಸ ನನಗಿಲ್ಲ. “ಒಂದಕ್ಕೂ” ಎಂದೆ.

“ಅಯ್ಯೋ ಸಾರ್! ಸುಮ್‌ಸುಮ್ನೆ ನಿಮ್ಗೆ ಅಷ್ಟೊಂದು ಶಾಪ ಹಾಕ್ಬಿಟ್ನಲ್ಲ!” ಅವರು ಹೊಟ್ಟೆ ಹಿಡಿದು ನಕ್ಕರು. ಶಾಪಕ್ಕಿಂತ ಆ ನಗು ನನಗೆ ಹೆಚ್ಚು ತಾಗಿತು.

ಯಂತ್ರ ಉಳಿಯಲಿಲ್ಲ. ಕೊಂಡವರು ಹೊದಿಕೆಯನ್ನೂ ಕೇಳಿ ಒಯ್ದರು. ಬಡಗಿ ಮತ್ತೆ ಕೈಯಲ್ಲೇ ಹಲಗೆ ಉಜ್ಜತೊಡಗಿದರು. ಕೇಂದ್ರ ಬ್ಯಾಂಕು ಮಧ್ಯೆ ಬರಲೇಬೇಕೆಂಬ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಆದರೆ ಆ ಮದ್ದಿನಿಂದ ಚೇತರಿಸಿಕೊಂಡದ್ದು ನನ್ನ ಠೇವಣಿ, ಕಹಿ ಕುಡಿದದ್ದು ಬಡಗಿಯ ಭುಜ. ಇದಕ್ಕೆ ಆ ಬ್ಯಾಂಕು ಉತ್ತರ ಹೇಳಬೇಡವೇ? ಇದನ್ನೇ ನಿನ್ನೆ ಮಳಿಗೆಯಲ್ಲಿ ನಿಂತು ಏರುದನಿಯಲ್ಲಿ ಕೇಳುತ್ತಿದ್ದೆ.

“ಸಾರ್, ಹಲಗೆ ಜಾರ್ತಾ ಇದೆ. ಭಾಷಣ ಆಮೇಲೆ ಮಾಡಿ, ಈ ತುದೀಲಿ ಸ್ವಲ್ಪ ಕೂತ್ಕೊಳ್ಳಿ.”

ಕುಳಿತೆ. ಹಲಗೆ ಅಲುಗಲಿಲ್ಲ.

ಮೇಲಿನ ಕಿಟಕಿಯಿಂದ ನನ್ನಾಕೆಯ ದನಿ ಕೇಳಿತು: “ಏಳಿಸಬೇಡಪ್ಪಾ, ಕೆಲಸ ಮುಗಿಯೋವರೆಗೂ ಅಲ್ಲೇ ಇರ್ಲಿ!”